ರಾಚಪ್ಪ ಸರ್ ಹೇಳಿದ ವಿಲಾಯತಿ ಕಾಲೇಜು

ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ಆ ಇಂಗ್ಲಿಷ್ ಸೀರಿಯಲ್ಲನ್ನು ಮತ್ತೆ ನೋಡುತ್ತೇವೆ, ಈ ಸಲ ಕನ್ನಡ ಸಬ್‌ಟೈಟಲ್ ಇರುತ್ತದೆ ಎಂದು ಭುವನೇಶ್ವರಿ ಫೋನಿನಲ್ಲಿ ಹೇಳಿದಾಗ ರಾಚಪ್ಪ ಸರ್ ಎದೆ ಧಸಕ್ಕೆಂದಿತು. ಅವರ ಶಿಷ್ಯೆ ಅವಳು, ಈಗ ಬಾದಾಮಿಯಲ್ಲಿ ಇಂಗ್ಲಿಷ್ ಕಲಿಸುತ್ತಾಳೆ.

ಮೂವತ್ತೈದು ವರ್ಷದ ಹಿಂದೆ ಹುನಗುಂದದ ಕಾಲೇಜಿಗೆ ಆ ಕ್ಯಾಸೆಟ್ ತರಿಸಿದವರು ಸರ್. ಇಂಗ್ಲೆಂಡಿನ ಯಾವುದೋ ಯೂನಿವರ್ಸಿಟಿ, ಅಲ್ಲಿನ ಮಾಸ್ತರರ ಜಗಳ, ಕುರ್ಚಿಯ ಹುಚ್ಚು. ಒಂದು ನಗೆ ಕಾದಂಬರಿಯನ್ನು ಟೀವಿಗೆ ತಂದದ್ದು. ಕಾದಂಬರಿ ಸರ್ ಓದಿರಲಿಲ್ಲ. ಆ ಬಿಳಿಯರೋ, ಬಾಯಿ ತುಂಬ ಎಲೆ ಅಡಿಕೆ ಇಟ್ಟುಕೊಂಡವರ ಹಾಗೆ ಮಾತಾಡುತ್ತಿದ್ದರು. ‘ಏನಂದಾರ್ರಿ ಸರ್?’ ಎಂದು ಅರವತ್ತು ಮಕ್ಕಳು ಬಾಯಿ ಬಿಟ್ಟು ಕೂತಿದ್ದರು. ತಿಳಿಯಲಿಲ್ಲ ಅನ್ನುವ ಧೈರ್ಯ ಇಂಗ್ಲಿಷ್ ಮಾಸ್ತರರಿಗೆ ಎಲ್ಲಿಂದ ಬರಬೇಕು! ಮಾತುಮಾತಿಗೂ ಕ್ಯಾಸೆಟ್ ನಿಲ್ಲಿಸಿ ತಮ್ಮ ತಲೆಯಿಂದಲೇ ಕಥೆ ಹೊಸೆದು ಹೇಳಿದರು. ನಾಲ್ಕು ಶನಿವಾರ ಮಕ್ಕಳು ಹೊಟ್ಟೆ ಹಿಡಿದುಕೊಂಡು ನಕ್ಕರು. ಅಂಥ ಸುಖ ಸರ್‌ಗೆ ಮತ್ತೆಂದೂ ಸಿಗಲಿಲ್ಲ. ಇಡೀ ತಾಲೂಕಿನಲ್ಲಿ ಇಂಗ್ಲಿಷ್ ಪಂಡಿತರೆಂಬ ಹೆಸರೂ ಆ ಸುಳ್ಳಿನಿಂದಲೇ ಬಂತು. ಇನ್ನು ಅದು ಮಣ್ಣುಪಾಲು.

ಭಾನುವಾರ ಹಳೆಯ ಕ್ಲಾಸಿಗೆ ಕಾಲಿಟ್ಟರೆ, ಇಳಕಲ್ಲಿನಲ್ಲಿ ಸೀರೆ ಅಂಗಡಿ ಇಟ್ಟಿರುವ ರಾಜಮಹ್ಮದ ಓಡಿ ಬಂದು ಕೈ ಹಿಡಿದ.

“ಸರ್, ಆ ಸೀರಿಯಲ್ ನೋಡೇ ನಾ ಇಂಗ್ಲಿಷಿಗೆ ಅಂಜೂದು ಬಿಟ್ಟೆ ನೋಡ್ರಿ.”

ಸರ್ ಕೈ ಬಿಡಿಸಿಕೊಂಡು ಭುವನೇಶ್ವರಿಯನ್ನು ಬದಿಗೆ ಕರೆದರು.

“ಬ್ಯಾಡವ್ವಾ. ಅವತ್ತ ನನಗ ಒಂದ ಮಾತೂ ತಿಳಿದಿದ್ದಿಲ್ಲ. ಎಲ್ಲಾ ನಾನ ಕಟ್ಟಿ ಹೇಳಿದ್ದು.”

“ಗೊತ್ತೈತ್ರಿ ಸರ್. ಸಬ್‌ಟೈಟಲ್ ಬರದಾಕೀನ ನಾನು,” ಎಂದು ಅವಳು ಲೈಟ್ ಆರಿಸಿಬಿಟ್ಟಳು.

ಪರದೆಯ ಮೇಲೆ ಯೂನಿವರ್ಸಿಟಿಯ ಮುಖ್ಯಸ್ಥ ಗಂಭೀರವಾಗಿ ಎದ್ದು ನಿಂತ. ಕೆಳಗೆ ಕನ್ನಡ ಅಕ್ಷರ ಮೂಡಿದವು: ‘ಬಾಗಲಕೋಟಿ ಬಸ್ ತಪ್ಪಿದ್ರ ನಾ ಇವತ್ತ ಮನಿ ಮುಟ್ಟೂದಿಲ್ಲ. ಲಗೂ ಠರಾವು ಪಾಸ್ ಮಾಡ್ರಿ!’

ಕ್ಲಾಸು ಹೋ ಎಂದು ನಕ್ಕಿತು. ಸರ್ ಬೆರಗಾಗಿ ಕೂತರು. ಅವರದೇ ಮಾತು ಅದು, ಒಂದಕ್ಷರ ಬಿಡದೆ.

ಕೊನೆಗೆ ಒಬ್ಬ ಮುದಿ ಪ್ರೊಫೆಸರ್ ಖಾಲಿ ಬೆಂಚುಗಳ ಎದುರು ನಿಂತು ಏನೋ ಹೇಳಿದ. ಕೆಳಗೆ ಅಕ್ಷರವೇ ಇಲ್ಲ. ಭುವನೇಶ್ವರಿ ಚಿತ್ರ ನಿಲ್ಲಿಸಿದಳು.

“ಇದೊಂದ ಮರತೇನ್ರಿ ಸರ್. ಅವತ್ತ ಏನ ಹೇಳಿದ್ರಿ?”

ಸರ್‌ಗೂ ನೆನಪಿರಲಿಲ್ಲ. ಎದ್ದು ನಿಂತರು. ನರೆತ ತಲೆಗಳೆಲ್ಲ ಅವರತ್ತ ತಿರುಗಿದವು. ಕಣ್ಣು ತುಂಬಿ ಬಂತು, ಒರೆಸಿಕೊಳ್ಳಲಿಲ್ಲ.

“‘ಇಷ್ಟ ಲಗೂ ಏಳಬ್ಯಾಡ್ರಿ, ಇನ್ನೊಂದ ತಾಸ ಕೂಡ್ರಿ’ ಅಂತಾನ.”

ಐವತ್ತು ದಾಟಿದ ಆ ಮಕ್ಕಳಲ್ಲಿ ಒಬ್ಬರೂ ಏಳಲಿಲ್ಲ.