ಮನೆಯ ಗಂಟು

ಗಂಡನ ಎದೆಯ ಮೇಲಿದ್ದ ಸೇವಂತಿಗೆ ಹಾರವನ್ನು ಹೊಂಬಾಳಮ್ಮ ಎಳೆದು ಮಡಿಲಿಗೆ ಹಾಕಿಕೊಂಡಳು. ಯಾರೋ ಬಸ್ ಸ್ಟ್ಯಾಂಡಿನ ಹತ್ತಿರ ಕೊಂಡು ತಂದ ಹಾರ. ಗಂಟು ಸಡಿಲವಾಗಿ ಹೂವು ಒಂದೊಂದೇ ಜಾರಿ ಚಾಪೆಯ ಮೇಲೆ ಬೀಳುತ್ತಿದ್ದವು. ಅವಳು ನಾರು ಬಿಚ್ಚಿದಳು. ಎರಡು ಹೂವು ಜೋಡಿಸಿದಳು, ನಾರನ್ನು ಬೆರಳಿಗೆ ಸುತ್ತಿ, ತಿರುವಿ, ತೊಟ್ಟಿನ ಮೇಲೆ ಇಳಿಸಿ ಎಳೆದಳು. ಮತ್ತೆ ಎರಡು ಹೂವು.

"ಇವತ್ತೊಂದಿನಾನಾರ ಬುಡಕ್ಕ," ಎಂದಳು ಪಕ್ಕದಲ್ಲಿ ಕೂತಿದ್ದ ಓರಗಿತ್ತಿ. "ನೋಡ್ದೋರು ಏನಂದಾರು?"

"ಏನಾರ ಅನ್ಕೊಳ್ಳಿ. ಇಂಥ ಆರ ಆಕ್ಕಂಡು ನನ್ ಗಂಡ ಓಗಾಕಿಲ್ಲ."

ಮದ್ದೂರಿನ ಪೇಟೆಯಲ್ಲಿ ಮದುವೆಯಾದಂದಿನಿಂದ ಹೂ ಕಟ್ಟಿ ಮಾರಿದ ಕೈ ಅದು. ಹೊಂಬಾಳಮ್ಮ ಕಟ್ಟಿದ ಮಾಲೆಯನ್ನು ಬಸ್ಸಿನ ಮೂತಿಗೆ ಕಟ್ಟಿದರೆ ಮೈಸೂರು ಮುಟ್ಟುವ ತನಕ ಒಂದು ಎಸಳೂ ಉದುರುವುದಿಲ್ಲ ಎಂದು ಡ್ರೈವರುಗಳು ಹೇಳುತ್ತಿದ್ದರು. ಓರಗಿತ್ತಿ ಆಚೆ ಮನೆಯವಳ ಕಡೆ ವಾಲಿ, ಪಿಸುಮಾತಿನ ನೆಪದಲ್ಲಿ ಎಲ್ಲರಿಗೂ ಕೇಳಿಸುವಂತೆ ಹೇಳಿದಳು: "ಎಷ್ಟು ಚೆಂದ ಕಟ್ಟುದ್ರೇನು, ನಾಳಿಂದ ಇವಳ ಕೈ ಹೂವ ಮದ್ವೆ ಮನೇರು ಯಾರು ತಗಂಡಾರು?"

ಹೊಂಬಾಳಮ್ಮನಿಗೆ ಕೇಳಿಸಿತು. ಕೇಳಿಸಿದರೂ ಆ ಮಾತು ಅವಳನ್ನು ಹೆಚ್ಚು ಚುಚ್ಚಲಿಲ್ಲ. ಚುಚ್ಚಿದ್ದು ಹೊರಗಿನ ಜಗಲಿಯಿಂದ ಬಂದ ಮಾತು. ಅಲ್ಲಿ ಶಿವಪುರದ ಚಿಕ್ಕಬೋರಯ್ಯ, ಸತ್ತವನ ತಮ್ಮ ಶಿವಯ್ಯನ ಪಕ್ಕದಲ್ಲಿ ಟವೆಲ್ಲು ಹಿಂಡುತ್ತಾ ಕೂತಿದ್ದ.

"ಕರೆಂಟು ಒಡೀತಾ?" ಎಂದ ಚಿಕ್ಕಬೋರಯ್ಯ.

"ಇಲ್ಲ ಕಣ್ಲಾ. ಕರೆಂಟು ನಮ್ಮಣ್ಣನ ಮಾತು ಕೇಳ್ತಿತ್ತು. ಎದೆ ಕೇಳ್ನಿಲ್ಲ. ಉಂಡು ಮಲಗ್ದೋನು ಏಳ್ನೇ ಇಲ್ಲ."

"ನನ್ ಮೋಟ್ರು ಬಿಚ್ಚಿ ಮಡಗಿದ್ದ. ನಾಟಿ ಟೈಮು. ಈಗ ಕೇಳಬಾರ್ದು..."

"ಕೇಳಬಾರ್ದು ಅಂತ ಗೊತ್ತಲ್ಲ, ಸುಮ್ಕಿರು."

ಸುಮ್ಮನಿರುವುದು ಚಿಕ್ಕಬೋರಯ್ಯನಿಗೆ ಆಗಿಬರದ ಕೆಲಸ. "ಮೋಟ್ರು ಅಂಗಡಿ ಅಮ್ಮಾಜಿ ಬತ್ತಾವ್ರೆ. ಪ್ಯಾಟೇಲಿ ಜಟಕಾ ಉಡುಕ್ತಿದ್ರು, ನಾನೇ ನೋಡ್ದೆ," ಎಂದ.

ಒಳಗೆ ಹೊಂಬಾಳಮ್ಮನ ಬೆರಳು ನಿಂತಿತು. ಕಟ್ಟುತ್ತಿದ್ದ ಹಾರದ ನಾರನ್ನು ಹಲ್ಲಿನಿಂದ ಕಡಿದು ಮುಗಿಸಿ, ಹಾರವನ್ನು ಗಂಡನ ಎದೆಯ ಮೇಲೆ ಹಾಕಿ, ಎದ್ದು ಬಾಗಿಲಿಗೆ ಬಂದಳು.

"ಶಿವಯ್ಯ, ಎತ್ರಪ್ಪ."

"ಮಂಡ್ಯದಿಂದ ಸೋದರಮಾವ ಬರ್ಬೇಕಲ್ಲತ್ಗೆ."

"ಬಂದ್ರೆ ಗುಂಡಿ ತಾವಕ್ಕೇ ಬತ್ತಾನೆ. ಮಗಳು ಮಳವಳ್ಳಿಯಿಂದ ಬಂದಾಯ್ತು. ಇನ್ಯಾರು ಬರ್ಬೇಕು? ಬಿಸ್ಲು ಏರ್ತದೆ. ಎತ್ತಿ."

ಎಂಥ ಗಟ್ಟಿಗಿತ್ತಿ ಎಂದು ಹೆಂಗಸರು ಮೂಗಿನ ಮೇಲೆ ಬೆರಳಿಟ್ಟರು. ಗಟ್ಟಿಗಿತ್ತಿಯೂ ಇಲ್ಲ, ಏನೂ ಇಲ್ಲ. ಆ ಸಾಬರ ಹೆಂಗಸು ಬಂದು ತನ್ನ ಗಂಡನ ಮುಖ ನೋಡಬಾರದು, ಅಷ್ಟೆ. ಹೊಟ್ಟೆಕಿಚ್ಚಿಗೆ ಮದುವೆ ಮನೆ, ಸಾವಿನ ಮನೆ ಎಂಬ ಭೇದವಿಲ್ಲ. ಚಟ್ಟ ಎತ್ತಿದರು, ತಮಟೆ ಬೀದಿಯ ಮೂಲೆ ತಿರುಗಿತು. ಆಗ ಅವಳು ಅಳುವುದಕ್ಕೂ ಮೊದಲು ಪೇಟೆಯ ಕಡೆಯ ದಾರಿ ನೋಡಿದಳು. ಜಟಕಾ ಇನ್ನೂ ಬಂದಿರಲಿಲ್ಲ.

* * *

ಹೊಂಬಾಳಮ್ಮನ ಗಂಡ ಮರಿಸಿದ್ದಯ್ಯನೇ ಮೊದಲು ಜಟಕಾ ಓಡಿಸುತ್ತಿದ್ದವನು. ರೈಲಿನಿಂದ ಇಳಿದವರನ್ನು ಪೇಟೆಗೆ ತರುವುದು, ಹಳ್ಳಿಗಳಲ್ಲಿ ಸುಟ್ಟ ಪಂಪ್‌ಸೆಟ್ ಮೋಟಾರುಗಳನ್ನು ಶೌಕತ್ ಅಲಿಯ ವೈಂಡಿಂಗ್ ಅಂಗಡಿಗೆ ತರುವುದು. ಎಪ್ಪತ್ತೊಂದನೇ ಇಸವಿಯಲ್ಲಿ ಕುದುರೆ ಸತ್ತಿತು. ಆಗ ಅವನ ವಯಸ್ಸು ಐವತ್ತಕ್ಕೆ ಬಂದಿತ್ತು. ಇನ್ನೊಂದು ಕುದುರೆ ಕೊಳ್ಳು ಎಂದರು ಎಲ್ಲರೂ. ಅವನು, ತಾನು ಕರೆಂಟು ಕಲಿಯುತ್ತೇನೆ ಎಂದ. ಮಂಡ್ಯಕ್ಕೆ ಹೋಗಿ ತರಬೇತಿ ಕೊಡುವ ಕಡೆ ಕೇಳಿದ. ವಯಸ್ಸು ಮೀರಿದೆ, ನಿಮ್ಮ ಮಗನನ್ನು ಕಳಿಸಿ ಎಂದರಂತೆ. ಮಗ ಇರಲಿಲ್ಲ. ಬಸ್ಸಿನಲ್ಲಿ ವಾಪಸ್ಸು ಬಂದವನು ಮನೆಗೆ ಬರದೆ ಸೀದಾ ಶೌಕತ್ ಅಲಿಯ ಅಂಗಡಿಗೆ ಹೋದ.

ಶೌಕತ್ ಅಲಿ ಅಷ್ಟು ಹೊತ್ತಿಗೆ ತೀರಿಕೊಂಡಿದ್ದ. ಅವನು ಸತ್ತರೂ ಅಂಗಡಿಯಿಂದ ಮೋಟಾರುಗಳು ಮೊದಲಿನಂತೆಯೇ ರಿಪೇರಿಯಾಗಿ ಹೊರಗೆ ಬರುತ್ತಿದ್ದವು. ಊರಿಗೆ ಆಗ ಗೊತ್ತಾಯಿತು, ಮೊದಲಿನಿಂದಲೂ ಒಳಗೆ ಕೂತು ತಂತಿ ಸುತ್ತುತ್ತಿದ್ದವಳು ಅವನ ಹೆಂಡತಿ ಜೈನಾಬ್ ಬೀ ಎಂದು. ಶೌಕತ್ ಅಲಿ ಮುಂದೆ ಕೂತು ಬೀಡಿ ಸೇದಿ ಹೊಗಳಿಸಿಕೊಂಡಿದ್ದ, ಅಷ್ಟೆ.

ಅಂಗಡಿಗೂ ಒಳಮನೆಗೂ ನಡುವೆ ಒಂದು ಹಸಿರು ಪರದೆ. ಅವಳು ಆಚೆ, ಇವನು ಈಚೆ. ಪರದೆಯ ಸಂದಿಯಿಂದ ಇವನ ಕೈ ನೋಡಿಕೊಂಡು ಅವಳು ಬೈಯುತ್ತಿದ್ದಳು: "ಕುದುರೆ ಬಾಯಿಗೆ ಹುಲ್ಲು ತುರುಕೋ ಹಾಗೆ ತುರುಕಬೇಡ ಮರಿಸಿದ್ದಯ್ಯ. ತಂತಿ ಮೇಲಿನ ಬಣ್ಣ ಕೆರೆದುಹೋದ್ರೆ ಮೋಟಾರು ಸುಡುತ್ತೆ." ಮೊದಲನೆಯ ಮೋಟಾರು ಸುಟ್ಟಿತು. ಎರಡನೆಯದೂ ಸುಟ್ಟಿತು. ಆಮೇಲಿನದು ಓಡಿತು. ಅವತ್ತು ಅವನು ಬೀದಿಯುದ್ದಕ್ಕೂ ಹೇಳಿಕೊಂಡು ಬಂದು ಮನೆಯಲ್ಲಿ ಇನ್ನೊಂದು ಸಲ ಹೇಳಿದ. ಬರಬರುತ್ತಾ ಮನೆಗಳಿಗೆ ವೈರಿಂಗೂ ಮಾಡಿದ. ಜನ ಕರೆಂಟು ಮರಿಸಿದ್ದಯ್ಯ ಎಂದು ಕರೆಯತೊಡಗಿದರು.

ಹೊಂಬಾಳಮ್ಮನಿಗೆ ಅದು ಖುಷಿಯ ವಿಷಯ ಆಗಬೇಕಿತ್ತು. ಆಗಲಿಲ್ಲ. ಸಂಜೆ ಅವಳು ಜಗಲಿಯಲ್ಲಿ ಹೂ ಕಟ್ಟುತ್ತಿದ್ದರೆ ಅವನು ಪಕ್ಕದಲ್ಲಿ ಕೂತು ಅಮ್ಮಾಜಿ ಇಂಗಂದ್ರು, ಅಮ್ಮಾಜಿ ಅಂಗಂದ್ರು ಎಂದು ಪಾಠ ಒಪ್ಪಿಸುವನು. ಸಾರಿಗೆ ಉಪ್ಪು ಕಮ್ಮಿ ಎನ್ನುವುದರ ನಡುವೆಯೂ ಅಮ್ಮಾಜಿಯ ಮಾತೊಂದು ಬರಬೇಕು. ಪೇಟೆಯ ಹೂವಿನವರು ಬಾಯಿ ಬಿಗಿಹಿಡಿಯುವ ಪೈಕಿ ಅಲ್ಲ. "ನಿನ್ ಗಂಡ ಪರದೆಗೆ ಗಂಟು ಬಿದ್ದವ್ನೆ ಕಣಮ್ಮಿ," ಎಂದು ಚುಡಾಯಿಸಿದರು.

ಗಂಡ ಆ ಥರದವನಲ್ಲ ಎಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಉರಿಯಿತು. ಉರಿಸಿದ್ದು ಆ ಹೆಂಗಸಿನ ರೂಪವಲ್ಲ, ಅದನ್ನು ಯಾರೂ ಕಂಡಿರಲಿಲ್ಲ. ಉರಿಸಿದ್ದು ಗಂಡನ ಮುಖ. ತಲೆ ನರೆತ ಮೇಲೆ ಹೊಸದೊಂದು ಕಲಿತವನ ಮುಖಕ್ಕೆ ಬರುವ ಹೊಳಪು ಅವನಿಗೆ ಬಂದಿತ್ತು. ತನಗೋ, ಅವ್ವ ಹೂ ಕಟ್ಟುವುದು ಕಲಿಸಿದ ಮೇಲೆ ಯಾರೂ ಏನೂ ಕಲಿಸಿರಲಿಲ್ಲ.

ಒಂದು ಸಂಜೆ ಕೇಳಿಯೇಬಿಟ್ಟಳು. "ನಂಗೂ ಕಲ್ಸು."

"ಏನ?"

"ಕರೆಂಟು."

ಅವನು ನಕ್ಕ. "ಕರೆಂಟು ಎಂಗುಸ್ರ ಕೆಲ್ಸ ಅಲ್ಲ ಕಣಮ್ಮಿ."

"ನಿಂಗೆ ಕಲ್ಸಿದ್ದು ಎಂಗುಸ್ರಲ್ವಾ?"

ಅವನು ಎಲೆ ಅಡಿಕೆ ತರಲು ಎದ್ದು ಹೋದ. ಅಂದಿನಿಂದ ಅವಳು ಮೋಟಾರಿನ ಕಡೆ ಕಣ್ಣೆತ್ತಿ ನೋಡಲಿಲ್ಲ. ಅವನು ಅಮ್ಮಾಜಿ ಎಂದು ಶುರುಮಾಡಿದರೆ ಅವಳು ಗೋಡೆಯ ಕಡೆ ತಿರುಗಿ ಹೂ ಕಟ್ಟುವಳು.

ಇನ್ನೊಂದು ಸಲ ಮಧ್ಯಾಹ್ನದ ಬುತ್ತಿ ಕೊಡಲು ಹೋದವಳು ಅಂಗಡಿಯ ಮೆಟ್ಟಿಲಲ್ಲೇ ನಿಂತಳು. ಪರದೆಯ ಆಚೆಯಿಂದ ಮಾತು ಕೇಳಿಸಿತು. "ಆ ಗಂಟು ನನಗೂ ಕೊಡು ಮರಿಸಿದ್ದಯ್ಯ."

"ಕೊಡಾಕಿಲ್ಲ ಅಮ್ಮಾಜಿ," ಎಂದ ಇವನು. "ಅದು ಮನೇದು."

ಮನೆಯ ಗಂಟನ್ನು ಕೇಳುವಷ್ಟು ಸಲಿಗೆ ಬಂತೇ? ಬುತ್ತಿಯನ್ನು ಮೆಟ್ಟಿಲ ಮೇಲಿಟ್ಟು ಮನೆಗೆ ಓಡಿ, ಇದ್ದ ಒಂದೇ ಪೆಟ್ಟಿಗೆಯನ್ನು ತಳ ಕಾಣುವ ತನಕ ತಡಕಿದಳು. ಹಳೆಯ ಸೀರೆ, ಸತ್ತ ಕುದುರೆಯ ಕಡಿವಾಣ, ಮಗಳ ಬಾಲ್ಯದ ಲಂಗ. ಗಂಟು ಎಂಬುದು ಆ ಮನೆಯಲ್ಲಿ ಎಂದೂ ಇರಲಿಲ್ಲ. ಇದ್ದಿದ್ದರೆ ಇಷ್ಟೊತ್ತಿಗೆ ಪರದೆಯ ಆಚೆ ಹೋಗಿರಬೇಕು ಎಂದುಕೊಂಡಳು. ಗಂಡನನ್ನು ಕೇಳಲಿಲ್ಲ. ಕೇಳಿದರೆ ಅವನು ಅಮ್ಮಾಜಿ ಎಂದೇ ಮಾತು ಶುರುಮಾಡುತ್ತಾನೆ.

* * *

ಮನೆ ಗುಡಿಸಿ, ಸಾರಿಸಿ, ಹೆಣದ ತಲೆಯಿದ್ದ ಜಾಗದಲ್ಲಿ ಎಣ್ಣೆ ದೀಪ ಹಚ್ಚಿಟ್ಟಿದ್ದರು. ಮಣ್ಣಿಗೆ ಹೋದವರು ವಾಪಸ್ಸು ಬಂದು ಆ ದೀಪ ನೋಡಿಯೇ ತಮ್ಮ ತಮ್ಮ ಮನೆಗೆ ಹೋಗಬೇಕು. ಕರೆಂಟು ಎಂದಿನಂತೆ ಹೋಗಿತ್ತು. ನಡುಮನೆಯಲ್ಲಿ ಹಗಲೇ ಕತ್ತಲು. ಮಗಳು ಮೂಲೆಯಲ್ಲಿ ಅತ್ತು ಅತ್ತು ನಿದ್ದೆ ಹೋಗಿದ್ದಳು.

ಬಾಗಿಲಲ್ಲಿ ಜಟಕಾ ನಿಂತಿತು. ಬುರ್ಕಾ ಹಾಕಿದ ಮುದುಕಿ ಇಳಿದಳು. ಜಟಕಾದವನು ಗೋಣಿ ಸುತ್ತಿದ ಭಾರದ್ದೊಂದನ್ನು ಹೊತ್ತು ತಂದು ಹೊಸಲಿನ ಪಕ್ಕ ಇಟ್ಟು ಹೋದ.

"ಎತ್ತಿಬಿಟ್ಟರಾ?" ಎಂದಳು ಜೈನಾಬ್ ಬೀ.

"ಆಗ್ಲೇ ಎತ್ತಾಯ್ತು." ಹೊಂಬಾಳಮ್ಮನಿಗೆ ಗೆದ್ದೆ ಅನ್ನಿಸಿತು.

ಜೈನಾಬ್ ಬೀ ಮುಖದ ಮೇಲಿನ ಬಟ್ಟೆ ಹಿಂದಕ್ಕೆ ಹಾಕಿದಳು. ಹಲ್ಲು ಬಿದ್ದ, ಸುಕ್ಕುಗಟ್ಟಿದ ಮುಖ. ಬೆರಳ ತುದಿಗಳು ವಾರ್ನಿಷ್ ಹತ್ತಿ ಕಪ್ಪಾಗಿದ್ದವು. "ಜಟಕಾ ಸಿಗಲಿಲ್ಲ. ಸಿಕ್ಕವನು ಮೊದಲು ಇದನ್ನ ಹಾಕ್ಕೊಳ್ಳೋಕೆ ಒಪ್ಪಲಿಲ್ಲ. ಮರಿಸಿದ್ದಯ್ಯ ಇದ್ದಿದ್ರೆ ಹಾಕ್ಕೊಳ್ತಿದ್ದ," ಎಂದಳು. ದೀಪದ ಕಡೆ ತಿರುಗಿ, "ಏಳು ವರ್ಷ ಪರದೆ ಸಂದೀಲಿ ಅವನ ಕೈ ನೋಡಿದೆ. ಮುಖ ಒಂದು ದಿನ ಸರಿಯಾಗಿ ನೋಡಿರಲಿಲ್ಲ. ಇವತ್ತು ನೋಡಬೋದು ಅಂತ ಬಂದೆ," ಎಂದಳು.

ಹೊಂಬಾಳಮ್ಮನ ಗೆಲುವು ಅಲ್ಲಿಗೆ ಮುಗಿಯಿತು. ಕುಡಿಯಲು ನೀರು ಕೊಡೋಣ ಅನ್ನಿಸಿತು, ಸಾವಿನ ಮನೆಯಲ್ಲಿ ಕೊಡಬಹುದೋ ಇಲ್ಲವೋ ಎಂದು ಹಿಂಜರಿದಳು.

"ಗೋಣೀಲಿ ಏನದು?" ಎಂದಳು ಓರಗಿತ್ತಿ ಗೊಣಗುತ್ತಾ. "ಸೂತಕದ ಮನೆಗೆ ಯಾರಾನ ಏನಾನ ಒತ್ಕಂಡು ಬತ್ತಾರಾ?"

"ಚಿಕ್ಕಬೋರಯ್ಯನ ಮೋಟಾರು. ನಾಟಿ ಕಾಲ ಅಂತ ನಿನ್ನೆಯಿಂದ ಬಾಗಿಲು ಕಾಯ್ತಿದ್ದ. ಸುತ್ತಿ ಆಗಿದೆ, ಕಟ್ಟೋದು ಅರ್ಧ ಉಳಿದಿದೆ." ಜೈನಾಬ್ ಬೀ ನೆಲದ ಮೇಲೆ ಕೂತು ಗೋಣಿ ಬಿಚ್ಚಿದಳು. "ತಂತಿ ಸುತ್ತಿದ ಮೇಲೆ ನೂಲಿನಲ್ಲಿ ಬಿಗಿಯಾಗಿ ಕಟ್ಟಬೇಕು. ಇಲ್ಲದಿದ್ರೆ ಮೋಟಾರು ಓಡೋವಾಗ ತಂತಿಗೆ ತಂತಿ ಉಜ್ಜಿ ಸುಡುತ್ತೆ. ನಾನು ಕಟ್ಟಿದ್ದು ಒಂದೆರಡು ವರ್ಷಕ್ಕೆ ಸಡಿಲ ಆಗುತ್ತೆ. ಅವನು ಕಟ್ಟಿದ್ದು ಒಂದೂ ತಿರುಗಿ ಬರಲಿಲ್ಲ. ಮಳವಳ್ಳಿ ಕಡೆಯಿಂದೆಲ್ಲ ಬಂದು, ಮರಿಸಿದ್ದಯ್ಯನ ಕಟ್ಟೇ ಬೇಕು ಅಂತಾರೆ. ಕಲಿಸಿದವಳು ನಾನು, ಕೇಳೋದು ಅವನನ್ನ. ನನಗೆ ಹೊಟ್ಟೆ ಉರೀತಿತ್ತು, ಸುಳ್ಳು ಯಾಕೆ ಹೇಳಲಿ? ಆ ಗಂಟು ನನಗೂ ಕೊಡು ಅಂತ ಬಾಯಿಬಿಟ್ಟು ಕೇಳಿದೆ. ಕೊಡಲಿಲ್ಲ. ಅದು ಮನೇದು ಅಂದ. ಅದಕ್ಕೇ ಇದನ್ನ ಈ ಮನೆಗೇ ಹೊತ್ತು ತಂದೆ."

ಹೊಂಬಾಳಮ್ಮ ಮೆಲ್ಲಗೆ ಕುಕ್ಕುರುಗಾಲಲ್ಲಿ ಕೂತಳು. ಗಂಡನ ಕೆಲಸವನ್ನು ಅವಳು ಕಣ್ಣಿಟ್ಟು ನೋಡಿದ್ದು ಅದೇ ಮೊದಲು. ಕೆಂಪು ತಂತಿಯ ಕಂತೆ, ಅದರ ಮೇಲೆ ಬಿಳಿಯ ನೂಲು. ಒಂದು ಸುತ್ತು, ಒಂದು ತಿರುವು, ಇಳಿಸಿ ಎಳೆದದ್ದು. ಮತ್ತೆ ಒಂದು ಸುತ್ತು. ಅವಳ ಅವ್ವ ಅವಳಿಗೆ ಕೊಟ್ಟ ಗಂಟು. ಮಲ್ಲಿಗೆಯ ತೊಟ್ಟಿನ ಬದಲು ತಾಮ್ರ, ಅಷ್ಟೇ ವ್ಯತ್ಯಾಸ. ಅವಳು ಗೋಡೆಯ ಕಡೆ ತಿರುಗಿ ಕೂತ ಸಂಜೆಗಳಲ್ಲೆಲ್ಲ ಅವನು ಪಕ್ಕದಿಂದ ಅವಳ ಬೆರಳು ನೋಡುತ್ತಿದ್ದ.

"ಕಳ್ಳ," ಎಂದಳು. ಬೆಳಗಿನಿಂದ ಬರದಿದ್ದ ಅಳು ಈಗ ಬಂತು, ಸಿಟ್ಟಿನ ಜೊತೆಗೇ ಬಂತು. "ಏಳ್ದೆ ಕೇಳ್ದೆ ನನ್ ತಾವ ಕಲ್ತ. ನಾ ಬಾಯ್ಬುಟ್ಟು ಕೇಳುದ್ರೆ ನಂಗೆ ಕಲ್ಸ್‌ನಿಲ್ಲ."

"ನನ್ನದು ನಿನಗೆ ಕೊಡಲಿಲ್ಲ, ನಿನ್ನದು ನನಗೆ ಕೊಡಲಿಲ್ಲ," ಎಂದಳು ಜೈನಾಬ್ ಬೀ. "ಎರಡೂ ಅವನೇ ಇಟ್ಕೊಂಡ."

ಇಬ್ಬರೂ ಸ್ವಲ್ಪ ಹೊತ್ತು ಸತ್ತವನ ಮೇಲೆ ಸಿಟ್ಟುಮಾಡಿಕೊಂಡು ಕೂತರು. ಜೈನಾಬ್ ಬೀ ನೂಲಿನ ಉಂಡೆಯನ್ನು ಮುಂದಕ್ಕೆ ತಳ್ಳಿದಳು. "ತೋರಿಸ್ತೀಯಾ?"

ಹೊಂಬಾಳಮ್ಮ ಉಂಡೆಯನ್ನು ಮುಟ್ಟಲಿಲ್ಲ. ಗಂಡ ಯಾರಿಗೂ ಕೊಡದೆ ಉಳಿಸಿದ್ದು ಅದೊಂದೇ. ಅದನ್ನು ಹೋಗಿ ಹೋಗಿ ಈ ಹೆಂಗಸಿಗೆ ಕೊಡುವುದೇ? ಓರಗಿತ್ತಿ, ಬೇಡ ಎಂದು ಕಣ್ಣಲ್ಲೇ ಹೇಳುತ್ತಿದ್ದಳು. ಅವಳನ್ನು ನೋಡಿದ ಮೇಲೆ ಹೊಂಬಾಳಮ್ಮನಿಗೆ, ನಾಳಿಂದ ಇವಳ ಕೈ ಹೂವ ಯಾರು ತಗಂಡಾರು ಎಂದಿದ್ದ ಬೆಳಿಗ್ಗೆಯ ಅವಳ ಮಾತು ನೆನಪಾಯಿತು.

"ತೋರುಸ್ತೀನಿ," ಎಂದಳು. "ನಂಗೆ ಕರೆಂಟು ಕಲ್ಸ್‌ಬೇಕು. ಪೂರ್ತಿ."

"ವಯಸ್ಸೆಷ್ಟು ನಿನಗೆ?"

"ನನ್ ಗಂಡುಂಗೆ ಕೇಳಿದ್ರಾ, ವಯಸ್ಸು?"

"ಕೇಳಿದ್ದೆ. ಮಂಡ್ಯದಲ್ಲಿ ಕೇಳಿ ಆಗಿದೆ, ನೀವೂ ಕೇಳಬೇಡಿ ಅಂದ." ಜೈನಾಬ್ ಬೀ ಅವಳ ಬೆರಳುಗಳನ್ನು ನೋಡಿದಳು. "ಬಾ. ನಿನಗೆ ಪರದೆ ಬೇಕಾಗಿಲ್ಲ."

ಹೊಂಬಾಳಮ್ಮ ನೂಲು ಎತ್ತಿಕೊಂಡಳು. ಮುಡಿಯಲ್ಲಿ ಬೆಳಿಗ್ಗೆ ಶಾಸ್ತ್ರಕ್ಕೆಂದು ಮುಡಿಸಿದ್ದ ಹೂವಿನಿಂದ ಎಸಳೊಂದು ಉದುರಿ ತಂತಿಯ ನಡುವೆ ಬಿತ್ತು.

"ಅದನ್ನ ತೆಗಿ," ಎಂದಳು ಜೈನಾಬ್ ಬೀ. "ಹೂವು ಸುಡುತ್ತೆ. ತಂತಿ ನಡುವೆ ಏನೂ ಇರಬಾರದು. ಇದು ಮೊದಲನೇ ಪಾಠ."

ಅವಳು ತೆಗೆದಳು.

ಕಾಲಿಗೆ ನೀರು ಹಾಕಿಕೊಂಡು ಗಂಡಸರು ಒಬ್ಬೊಬ್ಬರಾಗಿ ಹೊಸಲಿನ ಹತ್ತಿರ ಬಂದು ಬಗ್ಗಿದರು. ಮುಂದಿದ್ದ ಶಿವಯ್ಯ ಕೈ ಮುಗಿಯಲು ಹೋಗಿ ತಡೆದುಕೊಂಡ. ಹಿಂದಿನಿಂದ ಚಿಕ್ಕಬೋರಯ್ಯ ಕತ್ತು ಚಾಚಿದ. ಮರಿಸಿದ್ದಯ್ಯನ ತಲೆಯಿದ್ದ ಜಾಗದಲ್ಲಿ ದೀಪವಿರಲಿಲ್ಲ, ಎಣ್ಣೆಯ ಒದ್ದೆ ಗುರುತಿತ್ತು. ದೀಪ ಮೋಟಾರಿನ ಪಕ್ಕಕ್ಕೆ ಸರಿದಿತ್ತು. ಅದರ ಬೆಳಕಿನಲ್ಲಿ ಹೊಂಬಾಳಮ್ಮ ಮುದುಕಿಯ ಕಪ್ಪು ಬೆರಳಿಗೆ ನೂಲು ಸುತ್ತಿ, ತಿರುವಿ, ತಂತಿಯ ಮೇಲೆ ಇಳಿಸಿ ಎಳೆಯುತ್ತಿದ್ದಳು.