ಈಗ ಎಡಕ್ಕೆ, ಕೆಳಗೆ ನೋಡಿ

ಕಾಸಿಮಿರಾಳ ಅಂಗಳದ ಮೇಲೆ ಕೇಬಲ್ ಕಾರಿನ ಡಬ್ಬಿಗಳು ದಿನವಿಡೀ ಓಡಾಡುತ್ತಿದ್ದವು. ಲಾ ಪಾಸ್ ಊರಿನ ತಳದಿಂದ ಮೇಲಿನ ಎಲ್ ಆಲ್ತೊಗೆ ಹೋಗುವವರು, ಅಲ್ಲಿಂದ ಇಳಿಯುವವರು, ಬ್ರೆಡ್ಡಿನ ಮೂಟೆ ತಬ್ಬಿಕೊಂಡವರು, ನಿದ್ದೆ ತೂಗುವವರು. ಹೋಗುವವರು ಹೋಗಲಿ ಎಂದು ಆಕೆ ಎಷ್ಟೋ ವರ್ಷ ತಲೆ ಎತ್ತಿಯೂ ನೋಡಿರಲಿಲ್ಲ. ಈಚೆಗೆ ಮಾತ್ರ ಆಕೆಯ ಅಂಗಳ ಬಂದ ಕೂಡಲೇ ಡಬ್ಬಿಯಲ್ಲಿದ್ದವರು ಯಾರೋ ಹೇಳಿಕೊಟ್ಟ ಹಾಗೆ ಒಟ್ಟಿಗೆ ಕತ್ತು ಬಗ್ಗಿಸಿ ಕೆಳಗೆ ನೋಡುತ್ತಿದ್ದರು. ಹೆಚ್ಚಿನವರು ಕಿವಿಯಲ್ಲಿ ಬಿಳಿ ಗುಂಡಿ ಸಿಕ್ಕಿಸಿಕೊಂಡ ಪ್ರವಾಸಿಗಳು. ನಗುತ್ತ ಕೈ ಎತ್ತುತ್ತಿದ್ದರು, ಆಕೆಯನ್ನು ಕಂಡೊಡನೆ ಯಾಕೋ ಮುಖ ಸಪ್ಪೆ ಮಾಡಿಕೊಂಡು ಮುಂದೆ ಸಾಗುತ್ತಿದ್ದರು.

"ಇಲ್ಲೇನು ಮಂಗ ಕುಣೀತಿದೆಯಾ?" ಎಂದು ಆಕೆ ಒಮ್ಮೆ ಸೌಟು ಎತ್ತಿ ತೋರಿಸಿದಳು. ಅವರು ಅದರದ್ದೂ ಒಂದು ಫೋಟೋ ತೆಗೆದುಕೊಂಡರು.

"ಬಿಡೇ, ನೋಡ್ಕೊಂಡು ಹೋಗ್ಲಿ. ನಿನ್ನ ಗಂಟೇನು ಹೋಗುತ್ತೆ?" ಎಂದ ಗಂಡ ರೆಮಿಹಿಯೊ, ಬೆಂಚಿನ ಮೇಲೆ ಕೂತಲ್ಲಿಂದಲೇ.

ರೆಮಿಹಿಯೊ ಆ ಬೆಂಚು ಹಿಡಿದು ಮೂರು ವರ್ಷವಾಗಿತ್ತು. ಅದಕ್ಕೂ ಮುಂಚೆ ಅವನು ಗ್ರಾನ್ ಪೊದೆರ್ ಹಬ್ಬದಲ್ಲಿ ಕುಣಿಯುವವನು. ಮೈಮುರಿಯುವ ತೂಕದ ವೇಷ ಹೊತ್ತು, ಕೈಯಲ್ಲಿ ಗಿಲಕಿ ತಿರುಗಿಸುತ್ತ, ಮೊರೆನಾದ ಎಂಬ ಕುಣಿತದ ಸಾಲಿನ ಮುಂದೆ ನಿಲ್ಲುತ್ತಿದ್ದವನು. ಒಂದು ವರ್ಷ ನಡುಬೀದಿಯಲ್ಲೇ ಮಂಡಿ ಕೈಕೊಟ್ಟು ಕುಸಿದ. "ಇನ್ನು ಕುರ್ಚಿ ಮೇಲೆ ಕೂತು ನೋಡಿ ಅಣ್ಣಾ" ಎಂದು ಮೇಳದವರು ಬಹಳ ಮರ್ಯಾದೆಯಿಂದ ಅವನನ್ನು ಕೈಬಿಟ್ಟರು. ಅಂದಿನಿಂದ ಅವನು ಹಬ್ಬದ ಹೆಸರೆತ್ತಿದವನಲ್ಲ. ನೀರಿನ ಬಕೆಟ್ಟು, ಗ್ಯಾಸ್ ಸಿಲಿಂಡರು ಎಲ್ಲವನ್ನೂ ಕಾಸಿಮಿರಾ ಒಬ್ಬಳೇ ಆ ಕಡಿದಾದ ಮೆಟ್ಟಿಲು ಹತ್ತಿಸುತ್ತಿದ್ದಳು. ಕೈಹಾಕು ಎಂದರೆ ಸಾಕು, ಅವನ ಮಂಡಿ ನೋಯತೊಡಗುತ್ತಿತ್ತು.

ಕಾಸಿಮಿರಾ ಅದೇ ಮೇಳದ ಹೆಂಗಸರಿಗೆ ಬಟ್ಟೆ ಮಾಡಿಕೊಡುವವಳು. ಆಕೆಯ ತಾಯಿಯೂ ಅದನ್ನೇ ಮಾಡಿದ್ದಳು. ನೆರಿಗೆ ನೆರಿಗೆಯ ಲಂಗ, ಉದ್ದ ಕುಚ್ಚಿನ ಶಾಲು, ಮೇಳದ ಅಷ್ಟೂ ಹೆಂಗಸರಿಗೆ ಒಂದೇ ಬಣ್ಣ. ಆ ವರ್ಷದ ಬಣ್ಣ ಯಾವುದೆಂದು ಹಬ್ಬದ ಬೆಳಿಗ್ಗೆಯ ತನಕ ಹೊರಗಿನವರಿಗೆ ಗೊತ್ತಾಗಕೂಡದು. ಕುಣಿಯುವವರ ಗಂಡಂದಿರಿಗೂ ಹೇಳುವುದಿಲ್ಲ. ಎದುರು ಮೇಳದವರು ಅದನ್ನು ಮೊದಲೇ ತಿಳಿದು ತಾವೇ ಉಟ್ಟುಕೊಂಡು ಬಂದರೆ ಆಗುವ ಅವಮಾನವನ್ನು ಮೊಮ್ಮಕ್ಕಳ ಕಾಲದವರೆಗೂ ಆಡಿಕೊಳ್ಳುತ್ತಾರೆ. ಈ ಸಲದ ಬಣ್ಣ ಆಲೂಗಡ್ಡೆ ಹೂವಿನ ನೇರಳೆ, ಅಂಚಿಗೆ ಗಿಣಿಹಸಿರು. ಕಾಸಿಮಿರಾ ಅದನ್ನು ಅಂಗಳದ ಮೂಲೆಯ ತಗಡಿನ ಚಾವಡಿಯೊಳಗೇ ತೊಳೆದು, ಒಳಗೇ ಒಣಗಿಸಿ, ಒಳಗೇ ಕುಚ್ಚು ಕಟ್ಟುತ್ತಿದ್ದಳು.

ಒಂದು ದಿನ ಸಂತೆಯಲ್ಲಿ ಆಕೆಯ ದಾರದಂಗಡಿಗೆ ದೋನ್ಯಾ ನಿಕೊಲಾಸಾ ಬಂದಳು. ಈ ವರ್ಷ ಹಬ್ಬದ ಖರ್ಚು ಹೊತ್ತ ಯಜಮಾನಿ, ಎಲ್ಲರೂ ಮರ್ಯಾದೆಗೆ 'ದೋನ್ಯಾ' ಎನ್ನುವ ಹೆಂಗಸು. ಕೂರಲಿಲ್ಲ. ಟೋಪಿ ಸರಿಮಾಡಿಕೊಳ್ಳುತ್ತ ಫೋನು ಮುಂದೆ ಹಿಡಿದಳು.

"ಇದೇನು ಹೇಳು."

ದೊಡ್ಡದು ಮಾಡಿ ಕತ್ತರಿಸಿದ ಮಸುಕು ಫೋಟೋ. ಬೂದು ಬಣ್ಣದ ನೆಲ, ಅದರ ಮೇಲೆ ಒಂದು ತುಂಡು ನೇರಳೆ, ಹಸಿರು ಅಂಚು. ಕಾಸಿಮಿರಾ ಫೋನನ್ನು ಕಣ್ಣಿನ ಹತ್ತಿರಕ್ಕೆ ಎಳೆದುಕೊಂಡಳು.

"ಇದನ್ನ ಆಕಾಶದಿಂದ ತೆಗೆದಿದಾರೆ ತಾಯಿ. ಎದುರು ಮೇಳದವರ ಫೋನಲ್ಲೆಲ್ಲ ಓಡಾಡ್ತಿದೆ. ನಿನ್ನ ಅಂಗಳ ತಾನೆ?"

"ನನ್ನ ಬಟ್ಟೆ ಚಾವಡಿ ದಾಟಿ ಹೊರಗೆ ಬಂದಿಲ್ಲ ದೋನ್ಯಾ. ನಮ್ಮಮ್ಮನ ಆಣೆ."

"ನಿಮ್ಮಮ್ಮನನ್ನ ಯಾಕೆ ಎಳೀತೀಯ, ಆಕೆ ಕಾಲದಲ್ಲಿ ಹೀಗಾಗಿರಲಿಲ್ಲ. ಬಣ್ಣ ಬದಲಾಯಿಸೋಕೆ ಇನ್ನೂ ಸಮಯ ಇದೆ, ಅದು ನನ್ನ ತಲೆನೋವು. ಆದ್ರೆ ಯಾರಿಂದ ಹೋಯ್ತು ಅಂತ ನಂಗೆ ಗೊತ್ತಾಗ್ಬೇಕು. ಭಾನುವಾರ ಬರ್ತೀನಿ. ಅಷ್ಟರಲ್ಲಿ ಉತ್ತರ ಇಲ್ಲಾಂದ್ರೆ ಹೊಸ ಬಟ್ಟೆ ಬೇರೆ ಮನೆಗೆ ಹೋಗುತ್ತೆ."

ಬೇರೆ ಮನೆಗೆ ಹೋದರೆ ಮತ್ತೆ ತಿರುಗಿ ಬರುವುದಿಲ್ಲ. ಗುಟ್ಟು ಉಳಿಸಿಕೊಳ್ಳದ ದರ್ಜಿಗೆ ಈ ಊರಿನಲ್ಲಿ ಯಾವ ಮೇಳವೂ ಒಂದು ಗುಂಡಿ ಹೊಲಿಯಲು ಕೊಡುವುದಿಲ್ಲ.

ಆಕೆ ಮನೆಗೆ ಬಂದು ಗಂಡನ ಮುಂದೆ ಎಲ್ಲ ಹೇಳಿಕೊಂಡು ಅತ್ತಳು. ರೆಮಿಹಿಯೊ ಮಂಡಿ ನೀವಿಕೊಳ್ಳುತ್ತ ಕೇಳಿದ. ಆಮೇಲೆ, "ಗಾಳಿಗೆ ತಗಡು ಸರಿದಿರಬೇಕು" ಎಂದು ಎದ್ದು, ಕುಂಟುತ್ತಲೇ ಹೋಗಿ ಚಾವಡಿಯ ಮೇಲೆ ನೀಲಿ ತಾಡಪಾಲು ಹೊದೆಸಿ ಕಲ್ಲು ಹೇರಿದ. ಪಾಪ, ಮಂಡಿ ನೋವಿನಲ್ಲೂ ಎಷ್ಟು ಕಾಳಜಿ ಎಂದು ಆಕೆಗೆ ಕರುಳು ಚುರುಕ್ ಎಂದಿತು.

ಮಗಳು ಯೋಲಾ ಔಷಧದಂಗಡಿಯಲ್ಲಿ ಕೆಲಸ ಮಾಡುವವಳು, ಊರ ಸುದ್ದಿಯೆಲ್ಲ ಆಕೆಗೆ ಗೊತ್ತು. "ಅಮ್ಮಾ, ಪ್ರವಾಸಿಗಳಿಗೆ ಅಂತ ಹೊಸದಾಗಿ ಒಂದು ಆಡಿಯೋ ಬಂದಿದೆ. ಕಿವಿಗೆ ಹಾಕ್ಕೊಂಡು ಡಬ್ಬಿ ಹತ್ತಿದ್ರೆ ಎಲ್ಲೆಲ್ಲಿ ಏನೇನು ನೋಡ್ಬೇಕು ಅಂತ ಹೇಳ್ತಾ ಹೋಗುತ್ತೆ. ನಮ್ಮನೆ ಹತ್ರಾನೂ ಏನೋ ಹೇಳುತ್ತಂತೆ."

ಸಿಕ್ಕಿತಲ್ಲ ಕಳ್ಳನ ಜಾಡು. ನೇರಳೆ ಬಣ್ಣದ ದರ್ಜಿ ಇಲ್ಲಿದ್ದಾಳೆ, ಇಣುಕಿ ನೋಡಿ ಎಂದು ಊರಿಗೆಲ್ಲ ಡಂಗುರ ಸಾರುತ್ತಿದೆ ಆ ದನಿ ಎಂದು ಕಾಸಿಮಿರಾಳಿಗೆ ಖಾತ್ರಿಯಾಯಿತು. ಮರುದಿನ ಅಂಗಡಿ ಮುಚ್ಚಿ ಕೇಬಲ್ ಕಾರಿನ ನಿಲ್ದಾಣಕ್ಕೆ ಹೋದಳು. "ಆ ದನಿ ನಮ್ಮದಲ್ಲಮ್ಮ, ನಾವು ಬರೀ ಹಗ್ಗ ಎಳೆಯೋರು" ಎಂದ ಅಲ್ಲಿನವನು. ಪ್ರವಾಸದ ಕಚೇರಿಯ ಕಿಟಕಿಗೆ ಹೋದಳು. ಅದು ಯಾವುದೋ ಖಾಸಗಿ ಕಂಪನಿಯದ್ದು, ಅಲ್ಲೇ ಕೇಳಿ ಎಂದರು. ಕಂಪನಿಗೆ ಬಾಗಿಲೇ ಇರಲಿಲ್ಲ, ಇದ್ದದ್ದು ಫೋನ್ ನಂಬರು ಮಾತ್ರ. ಮಾಡಿದರೆ ಅಲ್ಲಿಯೂ ಒಂದು ದನಿ. ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ, ದಯವಿಟ್ಟು ಕಾಯಿರಿ ಎಂದಿತು. ಆಕೆ ಕಾದಳು. ಹಾಡು ಹಾಕಿತು. ಆ ಹಾಡಿನ ಮೇಲೆಯೇ ಅಷ್ಟೂ ಬೈದು ಮುಗಿಸಿದಳು. ಗೋಡೆಗೆ ಹೇಳಿದ್ದರೆ ಗೋಡೆಯಾದರೂ ಸುಮ್ಮನಿರುತ್ತಿತ್ತು, ಇದು ಮಧ್ಯೆ ಮಧ್ಯೆ ಧನ್ಯವಾದ ಬೇರೆ ಹೇಳಿತು.

"ಏನು ಹೇಳುತ್ತೆ ಅಂತ ಮೊದ್ಲು ಕೇಳು. ಆಮೇಲೆ ಜಗಳ ಆಡು" ಎಂದು ಯೋಲಾ ತನ್ನ ಫೋನಿಗೆ ಅದನ್ನು ಹಾಕಿ, ಕಿವಿಗುಂಡಿ ಕೊಟ್ಟಳು. "ಬಾಗಿಲು ಮುಚ್ಚಿದ ಕೂಡ್ಲೆ ಇಲ್ಲಿ ಒತ್ತು. ಮುಂಚೆಯೂ ಅಲ್ಲ, ಆಮೇಲೂ ಅಲ್ಲ."

ಹೇಳುವುದು ಸುಲಭ. ಕೆಳಗಿನ ನಿಲ್ದಾಣದಲ್ಲಿ ಡಬ್ಬಿ ಹತ್ತಿದ ಕೂಡಲೇ ಆಕೆ ಫೋನು ಒತ್ತಿದಳು. ಆಮೇಲೆ ಒಳಬಂದವರು ವಾಡಿಕೆಯಂತೆ ಒಬ್ಬೊಬ್ಬರಾಗಿ ನಮಸ್ಕಾರ ಹೇಳುತ್ತ ಕೂತರು. ಕಿವಿ ಮುಚ್ಚಿದ್ದರಿಂದ ಆಕೆಗೆ ಅದು ಕೇಳಿಸಲಿಲ್ಲ. ಎದುರಿಗೆ ಕೂತ ಬ್ರೆಡ್ಡಿನ ಮೂಟೆಯ ಮುದುಕಿ ಬಗ್ಗಿ ಆಕೆಯ ಮಂಡಿ ತಟ್ಟಿದಳು.

"ಯಾಕವ್ವಾ, ಕಿವುಡಾ? ಇಲ್ಲಾ ನಮ್ಮಂಥೋರಿಗೆ ನಮಸ್ಕಾರ ಹೇಳಿದ್ರೆ ಮೈಲಿಗೆಯಾ?"

"ತಪ್ಪು ತಿಳೀಬೇಡಿ ಅಮ್ಮಾ, ಇದೊಂದು ಕೇಳ್ತಿದ್ದೆ."

"ಏನದು, ಹಾಡಾ?"

"ಊರು ತೋರಿಸುತ್ತಂತೆ."

"ಈ ಊರಲ್ಲೇ ಹುಟ್ಟಿ ಬೆಳೆದೋಳಿಗೆ ಊರು ತೋರಿಸುತ್ತಾ?" ಎಂದು ಮುದುಕಿ ಇಡೀ ಡಬ್ಬಿಯನ್ನೇ ನಗಿಸಿದಳು. ಆಮೇಲೆ ಸೊಸೆಯ ವಿಷಯ ತೆಗೆದಳು. ಸೊಸೆಯ ಕತೆ ಮುಗಿಯುವಷ್ಟರಲ್ಲಿ ಕಾಸಿಮಿರಾಳ ಮನೆ ಹಿಂದಕ್ಕೆ ಹೋಗಿತ್ತು.

ಮರುದಿನ ಒತ್ತಿದ್ದು ತಡವಾಯಿತು. ದನಿ ಸ್ಮಶಾನದ ಹೂವಂಗಡಿಗಳನ್ನು ಹೊಗಳುವಾಗ ಕೆಳಗೆ ಹಳೆ ಟಯರಿನ ರಾಶಿ ಇತ್ತು. ಅದರ ಮರುದಿನ ಒತ್ತಿದ್ದು ಸರಿಯಾಗಿತ್ತು, ಆದರೆ ಬಿರುಗಾಳಿ ಎದ್ದು ಡಬ್ಬಿ ನಡುಗಾಳಿಯಲ್ಲಿ ನಿಂತುಬಿಟ್ಟಿತು. ಕೆಳಗೆ ಯಾರದೋ ಮೋಟು ಗೋಡೆ, ಕಟ್ಟಿಹಾಕಿದ ನಾಯಿ. ಡಬ್ಬಿ ನಿಂತರೇನು, ದನಿ ನಿಲ್ಲಬೇಕಲ್ಲ. ಎಡಕ್ಕೆ ನೋಡಿ, ಬಲಕ್ಕೆ ನೋಡಿ ಎಂದು ತನ್ನಷ್ಟಕ್ಕೆ ಬೆಟ್ಟ ಹತ್ತಿಹೋಯಿತು. ಗಾಳಿಯ ಸದ್ದಿನಲ್ಲಿ ಅರ್ಧ ಮಾತು ಕೇಳಿಸಲೇ ಇಲ್ಲ. ಕಾಸಿಮಿರಾ ಕಿವಿಗುಂಡಿ ಕಿತ್ತು ಕೈಯಲ್ಲಿ ಹಿಸುಕಿದಳು. ಪಿತ್ತ ನೆತ್ತಿಗೇರಿತ್ತು. ಇಷ್ಟು ವರ್ಷ ಯಾರ ಬಾಯಿಗೂ ಬೀಳದ ಹೆಸರು, ಈಗ ಮುಖವೇ ಇಲ್ಲದ ಒಂದು ದನಿಯಿಂದ ಹಾಳಾಗುತ್ತಿದೆ, ಅದನ್ನು ಹಿಡಿದು ಎರಡು ಮಾತು ಕೇಳಲೂ ತನ್ನ ಕೈಲಾಗುತ್ತಿಲ್ಲ ಎಂದು ಕಣ್ಣಲ್ಲಿ ನೀರು ಬಂತು.

ಶನಿವಾರ ಆಕೆ ಮತ್ತೆ ಹತ್ತಿದಳು. ಕೂತವರಿಗೆಲ್ಲ ಮೊದಲೇ ಗಟ್ಟಿಯಾಗಿ ನಮಸ್ಕಾರ ಹೇಳಿ, ಇನ್ನು ಯಾರೂ ಮಾತಾಡಿಸಬಾರದು ಎನ್ನುವ ಮುಖ ಮಾಡಿ, ಬಾಗಿಲು ಮುಚ್ಚಿದ ಕೂಡಲೇ ಒತ್ತಿದಳು. ಎದುರಿಗೆ ಒಬ್ಬ ಪರದೇಶದ ಹುಡುಗ, ಒಬ್ಬ ಹುಡುಗಿ, ಅವರ ಕಿವಿಯಲ್ಲೂ ಅದೇ ಗುಂಡಿ. ಈ ಸಲ ಎಲ್ಲ ಸರಿಯಾಗಿ ಕೂಡಿಬಂತು. ಸ್ಮಶಾನ ಎಂದಾಗ ಸ್ಮಶಾನ, ಸಂತೆ ಎಂದಾಗ ಸಂತೆ. ಆಮೇಲೆ ಬಂತು.

"ಈಗ ಎಡಕ್ಕೆ, ಕೆಳಗೆ ನೋಡಿ. ತಗಡಿನ ಚಾವಡಿ ಇರುವ ಒಂದು ಅಂಗಳ. ಅದೃಷ್ಟವಿದ್ದರೆ ಇಲ್ಲಿ ಒಬ್ಬರು ಹಿರಿಯ ಕುಣಿತಗಾರರು ನಿಮಗೆ ಕಾಣಸಿಗುತ್ತಾರೆ. ನೀವು ಕೈ ಬೀಸಿದರೆ ಅವರೂ ಬೀಸುತ್ತಾರೆ."

ಅಷ್ಟೇ. ಕಾಸಿಮಿರಾಳ ಬಗ್ಗೆ ಒಂದಕ್ಷರವಿಲ್ಲ.

ಆಕೆ ಗಾಜಿಗೆ ಹಣೆ ಒತ್ತಿದಳು. ಕೆಳಗೆ ಆಕೆಯದೇ ಅಂಗಳ. ಬೆಂಚು ಖಾಲಿ. ನಡುಮಧ್ಯದಲ್ಲಿ ರೆಮಿಹಿಯೊ, ನೇರಳೆ ಶಾಲು ಹೆಗಲಿಗೆ ಹೊದ್ದು, ಅದರ ಹಸಿರು ಅಂಚು ಹಾರಿಸುತ್ತ ಕುಣಿಯುತ್ತಿದ್ದ. ಎದೆ ಮುಂದೆ, ಒಂದು ಹೆಜ್ಜೆ ಆಕಡೆ, ಒಂದು ಹೆಜ್ಜೆ ಈಕಡೆ, ಗಿಲಕಿಯಿಲ್ಲದ ಕೈಯಲ್ಲಿ ಗಿಲಕಿ ತಿರುಗಿಸುತ್ತ. ಪರದೇಶದ ಹುಡುಗಿ ಕಿಲಕಿಲ ನಕ್ಕು ಕೈ ಬೀಸಿದಳು. ಅವನು ತಲೆ ಎತ್ತಿ, ಟೋಪಿ ತೆಗೆದು, ಬಾಗಿ ನಮಸ್ಕರಿಸಿದ. ಒಳಗೆ ಹೆಂಡತಿ ಕೂತಿದ್ದಾಳೆಂದು ಅವನಿಗೆ ಹೇಗೆ ತಿಳಿಯಬೇಕು.

ಎಷ್ಟು ಸಿಲಿಂಡರ್ ಹೊತ್ತೆ ನಾನು, ಎಂಬುದೇ ಆಕೆಗೆ ಮೊದಲು ಹೊಳೆದದ್ದು. ಮೈಯೆಲ್ಲ ಉರಿಯಿತು. ಈಗಲೇ ಬಾಗಿಲು ತೆಗೆದು ಅವನ ತಲೆಯ ಮೇಲೆ ಹಾರಿಬಿಡಬೇಕು ಎನ್ನಿಸುವಷ್ಟು ಸಿಟ್ಟು. ಕತ್ತು ತಿರುಗಿಸಿ, ಹಿಂದೆ ಸರಿಯುತ್ತಿದ್ದ ಅಂಗಳವನ್ನು ನೋಡುತ್ತಲೇ ಇದ್ದಳು. ಆಗ ಕಂಡಿತು. ಡಬ್ಬಿ ದಾಟಿದೊಡನೆ ರೆಮಿಹಿಯೊ ಮಡಿಸಿದ ಹಾಗೆ ಬಗ್ಗಿಹೋದ. ಎರಡೂ ಕೈಯಲ್ಲಿ ಮಂಡಿ ಒತ್ತಿ ಹಿಡಿದು, ಬೆಂಚಿಗೆ ಒರಗಿ, ತಲೆ ತಗ್ಗಿಸಿ ನಿಂತ. ನೋವು ಸುಳ್ಳಾಗಿರಲಿಲ್ಲ. ಮುಂದಿನ ಡಬ್ಬಿ ಹತ್ತಿರ ಬರುವಷ್ಟರಲ್ಲಿ ಮತ್ತೆ ಬೆನ್ನು ನೆಟ್ಟಗೆ ಮಾಡಿ, ಶಾಲು ಕೊಡವಿ, ಎದೆ ಮುಂದೆ ತಂದ.

ಆಕೆ ಮೇಲಿನ ನಿಲ್ದಾಣದಲ್ಲಿ ಇಳಿದು ಮೆಟ್ಟಿಲ ದಾರಿಯಲ್ಲಿ ನಡೆದೇ ಬಂದಳು. ಬೈಗುಳಗಳನ್ನು ಒಂದೊಂದಾಗಿ ಜೋಡಿಸಿಕೊಂಡೇ ಬಂದಿದ್ದಳು. ರೆಮಿಹಿಯೊ ಬೆಂಚಿನ ಮೇಲೆ, ಕಾಲು ಸ್ಟೂಲಿನ ಮೇಲೆ.

"ಯಾರಾದ್ರೂ ಬಂದಿದ್ರಾ?" ಎಂದಳು.

"ಇಲ್ಲಿಗೆ ಯಾರು ಬರ್ತಾರೆ?" ಎಂದ ಅವನು, ನೆಲ ನೋಡುತ್ತ.

ಆಕೆ ಒಳಗೆ ಹೋಗಿ ಸಾರಿಗೆ ಚುನ್ಯೊ ಎಂಬ ಒಣ ಆಲೂಗಡ್ಡೆ ನೆನೆಹಾಕಿದಳು.

ಭಾನುವಾರ ನಿಕೊಲಾಸಾ ಇಬ್ಬರು ಕೂಲಿಯವರೊಡನೆ ಬಂದಳು. "ಹೇಳಮ್ಮ, ಯಾರು?"

ಗಾಳಿ ಎಂದರೂ ನಡೆಯುತ್ತಿತ್ತು. ಆ ದನಿ ಎಂದರೂ ನಡೆಯುತ್ತಿತ್ತು. ಆದರೆ ನಿಕೊಲಾಸಾ ಸುಮ್ಮನೆ ಬಿಡುವವಳಲ್ಲ, ನಾಳೆಯೇ ಕಿವಿಗುಂಡಿ ಹಾಕಿಕೊಂಡು ಡಬ್ಬಿ ಹತ್ತುತ್ತಾಳೆ, ಆಮೇಲೆ ರೆಮಿಹಿಯೊನ ಕುಣಿತ ಇಡೀ ಮೇಳದ ನಗೆಪಾಟಲಾಗುತ್ತದೆ ಎಂದು ಕಾಸಿಮಿರಾಳಿಗೆ ಗೊತ್ತಿತ್ತು.

"ನಾನೇ ದೋನ್ಯಾ. ಬಿಸಿಲಿದೆ ಅಂತ ಹೊರಗೆ ಹರವಿದ್ದೆ. ಅವತ್ತು ನಿಮ್ಮ ಮುಂದೆ ಸುಳ್ಳು ಹೇಳ್ದೆ."

"ಅಮ್ಮನ ಆಣೆ ಹಾಕಿ?"

"ಹೂಂ."

ಬೆಂಚಿನ ಮೇಲಿದ್ದ ರೆಮಿಹಿಯೊನ ಮುಖ ಬಿಳಿಚಿಕೊಂಡಿತು. "ದೋನ್ಯಾ, ಅದು ಆಕೆಯಲ್ಲ..." ಎನ್ನುತ್ತ ಏಳಹೋದ.

"ನಿಂಗೆ ಕಾಲು ನೋವಿದೆ, ಕೂತ್ಕೋ" ಎಂದಳು ಕಾಸಿಮಿರಾ, ಅವನ ಕಡೆ ತಿರುಗದೆ. ಹೆಂಡತಿಯ ದನಿ ಕೇಳಿ ಅವನು ಕೂತುಬಿಟ್ಟ. ಆಕೆಗೆ ಎಲ್ಲ ತಿಳಿದಿದೆ ಎಂದು ಅವನಿಗೂ ಆ ಗಳಿಗೆಯಲ್ಲೇ ತಿಳಿಯಿತು.

ಕೂಲಿಯವರು ಲಂಗ, ಶಾಲುಗಳನ್ನು ಮೂಟೆ ಕಟ್ಟಿ ಹೊತ್ತುಕೊಂಡು ಹೋದರು. ನಿಕೊಲಾಸಾ ಬೈಯಲಿಲ್ಲ, ಹೋಗಿಬರುತ್ತೇನೆಂದೂ ಹೇಳಲಿಲ್ಲ. ಚಾವಡಿಯಲ್ಲಿ ಬರೀ ಹಗ್ಗ ಉಳಿಯಿತು. ತಾಯಿಯ ಕಾಲದಿಂದ ಬಂದ ಕೆಲಸ ಅರ್ಧ ಬೆಳಗಿನಲ್ಲಿ ಮುಗಿದುಹೋದದ್ದಕ್ಕೆ ಕಾಸಿಮಿರಾಳಿಗೆ ಅಳಬೇಕೆನಿಸಿತು, ಅಳು ಬರಲಿಲ್ಲ. ಪೊರಕೆ ಹಿಡಿದು ಅಂಗಳ ಗುಡಿಸತೊಡಗಿದಳು, ಗುಡಿಸಿದ್ದನ್ನೇ ಮತ್ತೆ ಗುಡಿಸಿದಳು.

ಮೇಲೆ ಡಬ್ಬಿಯೊಂದು ಬಂತು. ಒಳಗೆ ಯಾರೋ ಕತ್ತು ಬಗ್ಗಿಸಿ ಕೈ ಬೀಸಿದರು. ರೆಮಿಹಿಯೊ ಕೈಯಲ್ಲಿ ಮುಖ ಮುಚ್ಚಿಕೊಂಡು ಕೂತಿದ್ದ, ತಲೆ ಎತ್ತಲಿಲ್ಲ. ಅವರು ಹೋದರು. ಇನ್ನೊಂದು ಬಂತು. ಅದರಲ್ಲೂ ಕೈ ಬೀಸಿದರು, ತುಸು ಕಾದರು, ಕೈ ಇಳಿಸಿದರು.

ಕಾಸಿಮಿರಾ ಪೊರಕೆಯನ್ನು ಗೋಡೆಗೆ ಎಸೆದಳು. ಅವನ ಎದುರು ಬಂದು ಸೊಂಟಕ್ಕೆ ಕೈಕೊಟ್ಟು ನಿಂತಳು.

"ಏಳೋ ಮಾರಾಯ."

"ಯಾಕೆ?"

"ಮೇಲೆ ಜನ ಕಾಯ್ತಿದಾರೆ."