ಎಡಗಡೆಯ ಗಾಜು

ಟಕ್ ಅನ್ನುವುದಿಲ್ಲ, ಟಿಕ್ ಅನ್ನುವುದಿಲ್ಲ, ಗೋಡೆಗೆ ಕೀ ಚುಚ್ಚಿ ತಿರುಗಿಸಿದ ಹಾಗಿದೆ, ಡ್ಯಾಶ್‌ಬೋರ್ಡಿನಲ್ಲಿ ಒಂದು ದೀಪವಾದರೂ ಬೇಡವೇ, ಹಾರ್ನಿಗೂ ಇವತ್ತೇ ಮೌನವ್ರತ — ಬ್ಯಾಟರಿ ಇಳಿದಿದ್ದರೆ ಕಟಕಟ ಎಂದು ನರಳುತ್ತಿತ್ತು, ಅಷ್ಟು ಅವಳಿಗೆ ಗೊತ್ತು, ಈ ಗಾಡಿ ಮನೆಗೆ ಬಂದ ದಿನದಿಂದ ಅದರ ಕೆಮ್ಮು ಸೀನುಗಳೆಲ್ಲ ಅವಳ ಪಾಲಿಗೇ, ಆಯಿಲ್ ಕಡ್ಡಿ ಎಳೆದು ಒರೆಸಿ ನೋಡುವುದು ಅವಳು, ಚಕ್ರಕ್ಕೆ ಗಾಳಿ ಹೊಡೆಸುವುದು ಅವಳು, ವೈಪರಿನ ರಬ್ಬರು ಹರಿದರೆ ಅವಳು, ಗಂಡನಿಗೆ ಎಡಗಡೆ ಸೀಟಿನಲ್ಲಿ ಕೂತು ಕಿಟಕಿ ಇಳಿಸಿ ಏರಿಸುವುದಷ್ಟೇ ವಿದ್ಯೆ. ಇದು ಆ ಮರೆಗುಳಿ ಮೆಕ್ಯಾನಿಕ್ಕಿನದೇ ಕೆಲಸ, ಹೋದ ವಾರ ಬ್ರೇಕು ಕಿರುಗುಡುತ್ತದೆ ನೋಡಪ್ಪ ಎಂದು ಬಿಟ್ಟುಬಂದರೆ ಕಿರುಗುಡುವುದನ್ನು ಹಾಗೇ ಉಳಿಸಿ ಸೀಟಿನ ಮೇಲೆ ಗ್ರೀಸಿನ ಬೆರಳಚ್ಚು ಒತ್ತಿ ಕಳಿಸಿದ, ಕೇಳಿದರೆ ಅಕ್ಕಾ, ಗಾಡಿಗೆ ವಯಸ್ಸಾಯ್ತು, ನೀವೇ ಸ್ವಲ್ಪ ಹೊಂದ್ಕೊಂಡು ಹೋಗಿ — ಹೊಂದಿಕೊಳ್ಳುವುದಂತೆ, ಗಾಡಿಯ ಜೊತೆ ಸಂಸಾರ ಮಾಡಬೇಕೇ ಅವಳು? ಅದೂ ಇವತ್ತೇ ಕೈಕೊಡಬೇಕೇ, ಮಗಳ ಹೊಸ ಮನೆಯಲ್ಲಿ ಮಧ್ಯಾಹ್ನದ ಊಟ, ಅಮ್ಮಾ ಟ್ಯಾಕ್ಸಿಲಿ ಬನ್ನಿ, ಡ್ರೈವರ್ ಬೇಕಾದ್ರೆ ನಾನೇ ಕಳಿಸ್ತೀನಿ, ಎಂದು ಮೂರು ದಿನದಿಂದ ಒಂದೇ ರಾಗ. ಇವತ್ತು ಟ್ಯಾಕ್ಸಿ ಹತ್ತಿದರೆ ಮುಗಿಯಿತು, ನಾಳೆಯಿಂದ ಈ ಸೀಟು ತನ್ನದಲ್ಲ, ಅವಳಿಗೆ ಅದು ಸ್ಪಷ್ಟವಾಗಿ ಗೊತ್ತು.

ಎಲ್ಲಾ ಆ ಕಣ್ಣಿನ ಡಾಕ್ಟರಿಂದ, ಮೀಸೆ ಇನ್ನೂ ನೆಟ್ಟಗೆ ಬಂದಿಲ್ಲ, ಡಬ್ಬಿಯೊಳಗೆ ತಲೆಯಿಡಿ, ಬೆಳಕಿನ ಚುಕ್ಕಿ ಕಂಡಾಗ ಗುಂಡಿ ಒತ್ತಿ ಎಂದ, ಕಂಡಾಗೆಲ್ಲ ಒತ್ತಿದಳು, ಕಾಣದ್ದಕ್ಕೆ ಒತ್ತುವುದು ಹೇಗೆ, ಆಮೇಲೆ ಕಾಗದ ಹಿಡಿದು ಎಡಗಡೆ ಅರ್ಧ ಚುಕ್ಕಿ ನಿಮಗೆ ಕಂಡೇ ಇಲ್ಲಮ್ಮ, ಇನ್ಮೇಲೆ ಗಾಡಿ ಓಡ್ಸ್ಬೇಡಿ — ಆ ಯಂತ್ರ ಕೆಟ್ಟಿರಬಾರದೇಕೆ, ಯಂತ್ರಗಳ ಹಣೆಬರಹ ಅವಳಿಗೆ ಗೊತ್ತಿಲ್ಲವೇ? ಗೇಟಿನ ಕಂಬಕ್ಕೆ ಗಾಡಿ ಉಜ್ಜಿದ್ದು ಒಂದೇ ಸಲ, ಆ ಕಂಬ ಕಟ್ಟಿದಾಗಿನಿಂದಲೂ ಈಚೆಗೆ ವಾಲಿದೆ, ಹಾಗೆಂದರೆ ಗಂಡ ಮುಖ ಆಚೆ ತಿರುಗಿಸಿ ಕುಣಿಯಲಾರದವಳಿಗೆ ನೆಲ ಡೊಂಕು ಎಂದು ಗೊಣಗಿದರು, ಮೆಲ್ಲಗೆ ಗೊಣಗಿದರೂ ಕೇಳಿಸಿತು, ಕಿವಿಗೇನೂ ಆಗಿಲ್ಲವಲ್ಲ. ಫ್ಯೂಸು ನೋಡಿದಳು, ನೆಟ್ಟಗಿದೆ, ಕಾಲ ಬಳಿಯ ಹಿಡಿ ಎಳೆದಳು, ಬಾನೆಟ್ ಎತ್ತಿ ಕಂಬಿ ಆನಿಸಿದಳು, ಎಂಜಿನ್ ವಾಸನೆ ಮೂಗಿಗೆ ಬಂದರೆ ಯಾವಾಗಲೂ ಅರ್ಧ ಕೋಪ ಇಳಿಯುತ್ತಿತ್ತು, ಇವತ್ತು ಇಳಿಯಲಿಲ್ಲ.

ಇಳಿಯುವುದೇನು, ಕೆಂಪು ವೈರು ಬ್ಯಾಟರಿಯಿಂದ ಕಳಚಿ ಪಕ್ಕಕ್ಕೆ ಬಿದ್ದಿದೆ, ಅದರ ತುದಿಗೆ ಕರವಸ್ತ್ರ ಸುತ್ತಿ ಮೇಲೆ ರಬ್ಬರ್ ಬ್ಯಾಂಡು, ನೀಲಿ ಅಂಚಿನ ಕರವಸ್ತ್ರ, ಸೋಮವಾರ ಅವಳೇ ಇಸ್ತ್ರಿ ಮಾಡಿ ಅವರ ಅಂಗಿಯ ಮೇಲಿಟ್ಟದ್ದು. ಮೆಕ್ಯಾನಿಕ್ಕಲ್ಲ, ಮನೆಯವರೇ! ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರಬೇಕು, ಬಾಯಿರಲಿಲ್ಲವೇ ಇವರಿಗೆ, ನೀನು ಓಡಿಸಬೇಡ ಎಂದು ಎದುರಿಗೆ ನಿಂತು ಹೇಳಲು ಏನು ಬಂದಿತ್ತು, ಹಾವೂ ಸಾಯಬೇಕು ಕೋಲೂ ಮುರಿಯಬಾರದು, ಗಾಡಿ ಕೆಟ್ಟಿತು ಪಾಪ, ಬಾ ಟ್ಯಾಕ್ಸಿಲಿ ಹೋಗೋಣ ಎಂದು ನಗುನಗುತ್ತಾ ಕರೆದೊಯ್ಯುವ ಹಂಚಿಕೆ — ಅದಕ್ಕೆ ಬೆಳಿಗ್ಗೆ ಆ ಅಕ್ಕರೆ, ಕಾಫಿ ಇನ್ನೂ ಸ್ವಲ್ಪ ಹಾಕ್ಲಾ ಕಣೇ ಎಂದು, ಥೂ. ನಟ್ಟಿನ ಗತಿ ನೋಡಬಾರದು, ಸ್ಪ್ಯಾನರ್ ಇದ್ದರೂ ಇಕ್ಕಳದಿಂದ ಕಚ್ಚಿ ಕಚ್ಚಿ ಮೂಲೆಗಳನ್ನೆಲ್ಲ ತಿಂದುಹಾಕಿದ್ದಾರೆ, ಅದೂ ಕೆಂಪನ್ನು ಮೊದಲು ಬಿಚ್ಚಿದ್ದಾರೆ, ಕರಿಯದನ್ನು ಮೊದಲು ತೆಗೀಬೇಕು ರೀ, ಇಲ್ದಿದ್ರೆ ಇಕ್ಕಳ ಗಾಡಿ ಮೈಗೆ ತಾಗಿದ್ರೆ ಕಿಡಿ ಹಾರುತ್ತೆ ಎಂದು ಎಷ್ಟು ಸಲ ಹೇಳಿದ್ದಳು, ಆಗೆಲ್ಲ ಟಾರ್ಚು ಹಿಡಿದು ಆಕಳಿಸುತ್ತಿದ್ದವರು, ಅರ್ಧ ಕಲಿತರು, ಅದೂ ತಪ್ಪು ಅರ್ಧ. ಹೆಬ್ಬೆರಳು — ನಿನ್ನೆ ಸಂಜೆ ಹೆಬ್ಬೆರಳಿಗೆ ಪಟ್ಟಿ ಸುತ್ತಿಕೊಂಡು ಬಂದರಲ್ಲ, ಇಸ್ತ್ರಿಪೆಟ್ಟಿಗೆ ತಾಗ್ತು ಎಂದರಲ್ಲ, ಹುಟ್ಟಿದಾಗಿನಿಂದ ಇಸ್ತ್ರಿಪೆಟ್ಟಿಗೆ ಮುಟ್ಟದವರು! ಕಿಡಿ ಹಾರಿದೆ, ಕೈ ಸುಟ್ಟಿದೆ, ಸುಟ್ಟ ಕೈಯಲ್ಲೇ ವೈರಿಗೆ ಕರವಸ್ತ್ರ ಕಟ್ಟಿದ್ದಾರೆ, ಗಾಡಿಗೆ ಏನೂ ಆಗದಿರಲಿ ಎಂದು, ಅವಳ ಗಾಡಿಗೆ. ಹೆಚ್ಚುಕಡಿಮೆಯಾಗಿದ್ದರೆ ಏನು ಗತಿ ಎಂದುಕೊಂಡಳು, ಮರುಕ್ಷಣ ಅದಕ್ಕೂ ಸೇರಿಸಿ ಸಿಟ್ಟು ಬಂತು.

ಹಂಚಿಕೆಯಂತೆ ಹಂಚಿಕೆ, ಇವರು ಸಂಜೆಯೆಲ್ಲ ಒದ್ದಾಡಿ ಬಿಚ್ಚಿದ್ದನ್ನು ಅವಳು ಕಣ್ಣು ಮುಚ್ಚಿ ಕೂರಿಸಬಲ್ಲಳು, ಕಣ್ಣು ಮುಚ್ಚಿ, ಹೇಳಿ ಆ ಡಾಕ್ಟರಿಗೆ — ಕರವಸ್ತ್ರ ಬಿಚ್ಚಿಟ್ಟುಕೊಂಡು ಸವೆದ ನಟ್ಟನ್ನು ಹೇಗೋ ಬಿಗಿದಳು, ಬಾನೆಟ್ ಧಡಕ್ಕನೆ ಮುಚ್ಚಿದಳು, ಒಳಗಿನವರಿಗೆ ಕೇಳಲಿ, ಬಂದು ಕೂತಳು, ಕೀ, ದೀಪಗಳೆಲ್ಲ ಒಟ್ಟಿಗೆ ಹೊತ್ತಿದವು, ಎಂಜಿನ್ ಒಂದೇ ಏಟಿಗೆ ಎದ್ದಿತು, ಈಗ ಬರಲಿ ಚೀಲ ಹಿಡಿದು, ಗೇಟಿನ ಹೊರಗೆ ಗಾಡಿ ನಿಲ್ಲಿಸಿಕೊಂಡು ಕಾಯುತ್ತೇನೆ, ಹತ್ತಿ ಎನ್ನುತ್ತೇನೆ, ಕರವಸ್ತ್ರವನ್ನು ಕೈಗೆ ಕೊಡುತ್ತೇನೆ, ಏನು ಮುಖ ಮಾಡುತ್ತಾರೋ ನೋಡಬೇಕು. ಹಿಂದೆ ಗೇಟು ತೆರೆದಿದೆ, ಬಲಕ್ಕೆ ಗೋಡೆ, ಎಡಕ್ಕೆ ನೋಡಿದಳು, ಯಾರೂ ಇಲ್ಲ, ರಿವರ್ಸು, ಕ್ಲಚ್ಚು ಬಿಡುತ್ತಿದ್ದಾಳೆ, ಏಯ್ ಏಯ್ ನಿಲ್ಸೇ, ನನ್ ಕಾಲು — ಟಪಟಪ ಗಾಜಿನ ಸದ್ದು, ಬ್ರೇಕು, ಯಾರು, ಎಲ್ಲಿ, ಕುತ್ತಿಗೆಯನ್ನು ಪೂರ್ತಿ ತಿರುಗಿಸಿದರೆ ಎಡ ಬಾಗಿಲಿಗೆ ಒತ್ತಿಕೊಂಡು ಅವರು, ಮುಖ ಬಿಳುಚಿಕೊಂಡಿದೆ. ಯಾವಾಗ ಬಂದ್ರಿ? ಆಗ್ಲೇ ಬಂದೆ, ನೀನು ಬಾನೆಟ್ ಮುಚ್ಚಿದಾಗಿಂದ ಇಲ್ಲೇ ನಿಂತಿದೀನಿ, ಈ ಕಡೆ ನೋಡಿದೆಯಲ್ಲ, ಕೋಪಕ್ಕೆ ಮಾತಾಡಿಸ್ತಿಲ್ಲ ಅಂದ್ಕೊಂಡೆ. ನೋಡಿದಳು, ನೋಡಿದ್ದು ನಿಜ, ಯಾರೂ ಇರಲಿಲ್ಲ, ಬಯ್ಯಬೇಕು, ಕರವಸ್ತ್ರ ತೊಡೆಯ ಮೇಲೇ ಇದೆ, ಮುಂದೆ ನೋಡಿದಳು, ಅವರಿಲ್ಲ, ತಿರುಗಿದಳು, ಗಾಜಿನ ಮೇಲೆ ಪಟ್ಟಿ ಸುತ್ತಿದ ಹೆಬ್ಬೆರಳು, ಮುಂದೆ ನೋಡಿದರೆ ಇಲ್ಲ, ತಿರುಗಿದರೆ ಹೆಬ್ಬೆರಳು, ಮುಂದೆ — ಇಲ್ಲ, ತಿರುಗಿದರೆ — ಹೆಬ್ಬೆರಳು.